ಸಂಜೆ ನಾಲ್ಕರ ಮೇಲೆ

ಕೈಯಲ್ಲಿ ಎರಡು ಕೆಲಸವಿದ್ದೂ ಯಾವುದಕ್ಕೆ ಹೋಗಲೆಂದು ತಿಳಿಯದೆ ಕಣ್ಣೀರು ಹಾಕುವ ಹೆಣ್ಣನ್ನು ನೀವು ನೋಡಿದ್ದೀರಾ ಸೋದರಿಯರೇ? ನಾನು ನೋಡಿದ್ದೇನೆ. ಅವಳು ನನ್ನ ಒಡಹುಟ್ಟಿದ ತಂಗಿ.

ಅವಳ ಯಜಮಾನರು 2023ರಲ್ಲಿ ತೀರಿಕೊಂಡರು. ತವರಿನಲ್ಲಿ ಅಪ್ಪ ಅಮ್ಮ ಇಲ್ಲದ್ದರಿಂದ ಮಗಳನ್ನು ಕರೆದುಕೊಂಡು ದೊಡ್ಡಗದ್ದವಳ್ಳಿಗೆ, ನಮ್ಮ ಮನೆಗೇ ಬಂದಳು. ಹೊಲಿಗೆ ಚೆನ್ನಾಗಿ ಬಲ್ಲವಳು. ಊರವರ ರವಿಕೆ ಹೊಲಿದು ಕೆಲವು ತಿಂಗಳು ನೂಕಿದಳು. ಆದರೆ ಹಳ್ಳಿಯಲ್ಲಿ ರವಿಕೆ ಹೊಲಿಸುವುದು ಹಬ್ಬಕ್ಕೆ, ಮದುವೆಗೆ. ಹೊಟ್ಟೆಗೆ ಹಬ್ಬ ಹುಣ್ಣಿಮೆ ಗೊತ್ತಾಗುತ್ತದೆಯೇ? 2024ರ ಬೇಸಿಗೆಯಲ್ಲಿ ಎರಡು ಕಡೆ ಗಾರ್ಮೆಂಟ್ಸ್ ಕೆಲಸ ಗೊತ್ತಾಯಿತು. ಒಂದು ಹಾಸನದಲ್ಲಿ, ಇನ್ನೊಂದು ಬೆಂಗಳೂರಿನ ಪೀಣ್ಯದಲ್ಲಿ.

ನಾನು ಹಾಸನದ ಪಕ್ಷ. ಕಣ್ಣಳತೆಯ ಊರು, ಬೇಲೂರು ರಸ್ತೆಯಲ್ಲಿ ಬಸ್ಸು ಹತ್ತಿದರೆ ಸುಮಾರು 20 ಕಿಲೋಮೀಟರ್. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಚಾರ್ಜೂ ಇಲ್ಲ. "ಬೆಳಿಗ್ಗೆ ಹೋಗಿ ರಾತ್ರಿ ಬಾ. ಮಗು ನನ್ನ ಹತ್ತಿರ ಇರ್ಲಿ" ಅಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ ನೋಡಿ!

ಸಂಬಳ ಬೆಂಗಳೂರಿನದೇ ಹೆಚ್ಚು, 14 ಸಾವಿರ. ಹಾಸನದ್ದು ಹನ್ನೊಂದೂವರೆ. ಸರ್ಕಾರ ಕನಿಷ್ಠ ಕೂಲಿಯನ್ನೇ ಊರಿನ ವಲಯ ನೋಡಿ ಗೊತ್ತುಮಾಡುವುದರಿಂದ ಈ ಅಂತರ. ನಮ್ಮ ಮನೆಯವರು ಕ್ಯಾಲೆಂಡರಿನ ಹಿಂಭಾಗದಲ್ಲಿ ಲೆಕ್ಕ ಬರೆದರು. ಪಿ.ಎಫ್.ಗೆ ನೂರಕ್ಕೆ 12, ಇ.ಎಸ್.ಐ.ಗೆ ಮುಕ್ಕಾಲು ರೂಪಾಯಿ ಎರಡು ಕಡೆಯೂ ಹಿಡಿಯುತ್ತಿದ್ದರು. ಪೀಣ್ಯದ ಹತ್ತಿರ ಒಂದು ಕೋಣೆ, ಅಡುಗೆಮನೆಗೆ ಬಾಡಿಗೆ ಐದು ಸಾವಿರ, ಅಡ್ವಾನ್ಸು ಬೇರೆ. "ಕೊನೆಗೆ ಕೈಗೆ ಉಳಿಯೋದು ಹಾಸನದಲ್ಲೇ ಜಾಸ್ತಿ ಕಣಮ್ಮಾ" ಎಂದು ಪೆನ್ನು ಮುಚ್ಚಿಟ್ಟರು. ಗಂಡಸರ ಲೆಕ್ಕ ಅಲ್ಲಿಗೆ ಮುಗಿಯಿತು.

ಆ ಸಂಜೆ ಅಕ್ಕತಂಗಿಯರಿಬ್ಬರೂ ನಮ್ಮೂರ ಲಕ್ಷ್ಮೀದೇವಿ ಗುಡಿಗೆ ಹೋಗಿ ಕೆರೆ ಕಡೆ ಕೂತೆವು. ಹೊಯ್ಸಳರ ಕಾಲದ ಗುಡಿ. ಒಂದೇ ಸೂರಿನಡಿ ನಾಲ್ಕು ಗರ್ಭಗುಡಿ, ಲಕ್ಷ್ಮಿಗೂ ಅಲ್ಲೇ ಜಾಗ, ಕಾಳಿಗೂ ಅಲ್ಲೇ. ಅವಳು ಅಂದು ಯಾರಿಗೆ ಕೈಮುಗಿದಳೋ ಕಾಣೆ. ಬಹಳ ಹೊತ್ತು ಸುಮ್ಮನಿದ್ದು, "ಅಕ್ಕ, ನಿನ್ನೆ ರಾತ್ರಿ ಪುಟ್ಟಿ ಕನವರಿಸಿ ಯಾರನ್ನ ಕರೆದ್ಲು ಗೊತ್ತಾ?" ಅಂದಳು. ನನಗೆ ಗೊತ್ತಿತ್ತು. "ದೊಡ್ಡಮ್ಮಾ" ಅಂದಿತ್ತು ಮಗು. ನನ್ನ ಪಕ್ಕದಲ್ಲೇ ಮಲಗುವ ಅಭ್ಯಾಸವಾಗಿತ್ತಲ್ಲ.

"ನೀನು ಚೆನ್ನಾಗೇ ನೋಡ್ಕೋತೀಯ ಅಕ್ಕ. ಆದ್ರೆ ನಾನು ರಾತ್ರಿ ಬಂದು ಉಂಡು ಮಲಗೋ ನೆಂಟಳಾಗ್ತೀನಿ ಕಣೇ."

ನನಗೆ ಇಬ್ಬರೂ ಗಂಡುಮಕ್ಕಳು. ಪುಟ್ಟಿಗೆ ಜಡೆ ಹಾಕುವಾಗ ನನಗಾಗುತ್ತಿದ್ದ ಸಂತೋಷವನ್ನು ತಂಗಿಗೆ ಮಾಡುವ ಉಪಕಾರವೆಂದೇ ನಾನು ಎಣಿಸಿಕೊಂಡಿದ್ದೆ. ನಿಮ್ಮ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಿಲ್ಲ, ಅಂದು ಅವಳ ಮೇಲೆ ಸಿಟ್ಟೇ ಬಂತು.

ಅವಳು ಮಾತ್ರ ಒಂದು ಜಾಣತನ ಮಾಡಿದಳು. ಎರಡೂ ಊರಿಗೆ ಮನೆ ನೋಡಲು ಭಾನುವಾರ ಹೋಗಲಿಲ್ಲ. ವಾರದ ದಿನ, ಸಂಜೆ ನಾಲ್ಕಕ್ಕೆ ಸರಿಯಾಗಿ ಹೋಗಿ ಆ ಬೀದಿಯಲ್ಲೇ ನಿಂತಳು. ಮಗು ಶಾಲೆಯಿಂದ ಬರುವ ಹೊತ್ತದು. ಅವಳ ಕೆಲಸ ಬಿಡುವುದು ಆರಕ್ಕೆ. ನಡುವೆ ಮಗು ಯಾರ ಮನೆಯ ಮೆಟ್ಟಿಲ ಮೇಲೆ ಕೂತಿರಬೇಕು? ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆ ಶಿಶುವಿಹಾರ ನಡೆಸಬೇಕೆಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯೇನೋ ಹೇಳುತ್ತಿತ್ತು. ಆದರೆ ಅದು ಆರು ವರ್ಷದೊಳಗಿನ ಮಕ್ಕಳಿಗೆ. ಪುಟ್ಟಿಗೆ ಏಳಾಗಿತ್ತು. ಆರು ತುಂಬಿದ ಕೂಡಲೇ ಮಕ್ಕಳು ತಾವೇ ಅನ್ನ ಬಡಿಸಿಕೊಂಡು ಬಾಗಿಲು ಹಾಕಿಕೊಂಡು ಕೂರುತ್ತವೆಯೇ?

ಹಾಸನದಲ್ಲಿ ಅವಳು ನೋಡಿದ್ದು ಹೊಸ ಬಡಾವಣೆ. ಚಂದದ ಮನೆಗಳು, ಎತ್ತರದ ಕಾಂಪೌಂಡು. ಪಕ್ಕದ ಮನೆಯಾಕೆಯನ್ನು ಮಾತಾಡಿಸಿದರೆ ಆಕೆ ಉತ್ತರ ಕೊಡುವ ಮೊದಲು ಇವಳ ಬರಿಗೊರಳು ನೋಡಿದರಂತೆ. ಹಾಸನದವರನ್ನು ಆಡಿಕೊಳ್ಳುತ್ತಿದ್ದೇನೆಂದು ತಿಳಿಯಬೇಡಿ, ನಮ್ಮ ಜಿಲ್ಲೆಯವರೇ ತಾನೆ. ಅವಳು ಹೋದ ಬೀದಿ ಹಾಗಿತ್ತು.

ಪೀಣ್ಯದ ಹತ್ತಿರ ಕಂಡದ್ದು ಇಕ್ಕಟ್ಟಿನ ವಠಾರ. ನಲ್ಲಿ ಒಂದೇ, ನೀರಿಗೆ ಜಗಳ. ಆದರೆ ಆರು ಮನೆಯಲ್ಲಿ ನಾಲ್ಕು ಮನೆಯ ಹೆಂಗಸರು ಗಾರ್ಮೆಂಟ್ಸಿಗೆ ಹೋಗುವವರು. ಹೊಲಿದೂ ಹೊಲಿದೂ ಬೆನ್ನು ಬಿದ್ದು ಕೆಲಸ ಬಿಟ್ಟ ಅಜ್ಜಿಯೊಬ್ಬರು, ಚನ್ನರಾಯಪಟ್ಟಣದ ಕಡೆಯವರು, ತಿಂಗಳಿಗೆ ಸಾವಿರ ರೂಪಾಯಿ ತೆಗೆದುಕೊಂಡು ಸಂಜೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಐದು ಮಕ್ಕಳು ಅವರ ಜಗಲಿಯ ಮೇಲೆ ಮಂಡಕ್ಕಿ ತಿನ್ನುತ್ತ ಮಗ್ಗಿ ಒಪ್ಪಿಸುತ್ತಿದ್ದುವಂತೆ.

ಅಲ್ಲಿಗೇ ಹೋದಳು. ಶಾಲೆಯದೇನೂ ತೊಡಕಾಗಲಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದಿರುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನಿಮ್ಮಲ್ಲಿ ಯಾರಿಗಾದರೂ ಬೇಕಾದೀತು, ನೆನಪಿಟ್ಟುಕೊಳ್ಳಿ. ಮನೆ ಖಾಲಿಯಾದ ಮೇಲೆ ನಾನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಕಾರ್ತಿಕದಲ್ಲಿ ಪುಟ್ಟಿಗೆ ಜ್ವರ ಬಂತೆಂದು ಫೋನು. "ನಾನು ಮೊದಲೇ ಹೇಳಿದ್ದೆ" ಎಂಬ ಮಾತು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ಅಕ್ಕಿರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ. ವಠಾರ ಹುಡುಕಿ ಸೇರುವಷ್ಟರಲ್ಲಿ ಸಂಜೆ ಐದಾಗಿತ್ತು. ಮಗುವಿಗೆ ಜ್ವರ ಇಳಿದಿತ್ತು. ಅಜ್ಜಿ ಗಂಜಿ ಕುಡಿಸಿ ಚಾಪೆಯ ಮೇಲೆ ಮಲಗಿಸಿದ್ದರು. ನನ್ನನ್ನು ಕಂಡು ಎದ್ದು ಕೂತ ಪುಟ್ಟಿ ದೊಡ್ಡವಳ ಹಾಗೆ ಹೇಳಿದಳು:

"ದೊಡ್ಡಮ್ಮ, ಅಮ್ಮ ಆರೂವರೆಗೆ ಬರ್ತಾಳೆ. ಅಲ್ಲೀವರೆಗೂ ನೀನೂ ಇಲ್ಲೇ ಕೂತ್ಕೋ."

ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮಕ್ಕಳ ಸಾಲಿನಲ್ಲಿ ನಾನೂ ಕೂತೆ. ಆರೂವರೆಗೆ ಗೇಟಿನ ಸದ್ದಾಯಿತು. ಮಗು ನನ್ನ ಮೊಣಕಾಲು ದಾಟಿಕೊಂಡು ಓಡಿತು.