ಕೊಪ್ಪದ ಕಾಫಿ, ಕೊಪ್ಪಳದ ಚಹಾ

ನನ್ನ ತವರು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ. ಸೇರಿದ ಮನೆ ಕೊಪ್ಪಳ. ಬರೆಯುವಾಗ ಒಂದೇ ಒಂದು ‘ಳ’ಕಾರದ ಅಂತರ. ಆದರೆ 1988ರಲ್ಲಿ ಮದುವೆಯಾಗಿ ಬಂದಾಗ ನನ್ನ ಮಳೆ, ನನ್ನ ಹಸಿರು, ನನ್ನ ಕಾಫಿ ಎಲ್ಲವೂ ಆ ಒಂದು ಅಕ್ಷರದಲ್ಲಿ ಮುಳುಗಿಹೋದಂತೆ ಅನ್ನಿಸಿತ್ತು. ಆಗಿನ್ನೂ ಕೊಪ್ಪಳ ರಾಯಚೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ಅದೇ ಒಂದು ಜಿಲ್ಲೆಯಾಯಿತು. ಊರು ಜಿಲ್ಲೆಯಾದರೂ ನಮ್ಮ ಮನೆಯ ಒಲೆಯ ಮೇಲೆ ಕುದಿಯುವುದು ಮಾತ್ರ ಬದಲಾಗಲಿಲ್ಲ. ಬೆಳಗ್ಗೆ ಚಹಾ, ಬಂದವರಿಗೆ ಚಹಾ, ಸಂಜೆ ಮಂಡಕ್ಕಿ-ಮಿರ್ಚಿಯ ಮೇಲೂ ಚಹಾ.

ಅಮ್ಮ ಕೊಟ್ಟು ಕಳಿಸಿದ್ದ ಹಿತ್ತಾಳೆಯ ಫಿಲ್ಟರೊಂದು ನನ್ನ ಬಳಿ ಇತ್ತು. ಆದರೆ ಒಂಬತ್ತು ಜನರ ಮನೆಯಲ್ಲಿ ನನ್ನೊಬ್ಬಳಿಗಾಗಿ ಡಿಕಾಕ್ಷನ್ ಇಳಿಸುವುದೆಂದರೆ ಕದ್ದು ತಿಂದಂಥ ಸಂಕೋಚ. ಯಾರೂ ಬೇಡ ಅನ್ನಲಿಲ್ಲ. ನಾನೇ ಬೇಕು ಅನ್ನಲಿಲ್ಲ. ಅದು ಅರ್ಧ ಗಂಟೆ ತೊಟ್ಟಿಕ್ಕುವಷ್ಟರಲ್ಲಿ ನನಗೆ ಶಾಲೆಗೆ ಹೊರಡುವ ಹೊತ್ತಾಗುತ್ತಿತ್ತು. ಫಿಲ್ಟರು ಅಟ್ಟ ಸೇರಿತು. ನಾನೂ ಚಹಾದವಳಾದೆ.

2022ರಲ್ಲಿ ನಿವೃತ್ತಳಾಗಿ ಬೆಂಗಳೂರಿನ ಮಗಳ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಹುಡುಗಿ ಒಂದು ಪುಟ್ಟ ಲೋಟದಲ್ಲಿ ಹಾಲಿಲ್ಲದ, ಸಕ್ಕರೆಯಿಲ್ಲದ ಕಾಫಿ ತಂದುಕೊಟ್ಟಳು. ಎರಡು ಗುಟುಕು ಅಷ್ಟೇ. ಮೇಲೆ ಜೇನುಬಣ್ಣದ ನೊರೆ. ಮೂಗಿನ ಹತ್ತಿರ ತಂದೆ ನೋಡಿ, ನಮ್ಮಪ್ಪ ಕಬ್ಬಿಣದ ಬಾಣಲೆಯಲ್ಲಿ ಕಾಫಿಬೀಜ ಹುರಿಯುತ್ತಿದ್ದ ಹಿತ್ತಲು ಕಣ್ಣ ಮುಂದೆ ಬಂದು ನಿಂತಿತು. ಕಣ್ಣಲ್ಲಿ ನೀರು. ಮಗಳು ‘ಬಾಯಿ ಸುಟ್ಟಿತೇನಮ್ಮಾ?’ ಎಂದಳು. ಹೌದು ಎಂದೆ.

ಅಂಥದೊಂದು ಯಂತ್ರ ನನಗೂ ಬೇಕು ಎನ್ನಲು ಮತ್ತೆ ಎಂಟು ತಿಂಗಳು ಹಿಡಿಯಿತು. ಮನೆಗೆ ಫ್ರಿಜ್ ಬಂತು, ವಾಷಿಂಗ್ ಮೆಷಿನ್ ಬಂತು, ಇವರಿಗೆ ಸ್ಕೂಟರ್ ಬಂತು. ಎಲ್ಲದಕ್ಕೂ ನನ್ನ ಸಂಬಳ ಕೂಡಿತ್ತು. ಆದರೆ ‘ಇದು ನನಗೆ’ ಎಂದು ಒಂದನ್ನೂ ಕೊಂಡಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನ ಕೊಂಡಿದ್ದೀರಿ, ಹೇಳಿ ನೋಡೋಣ.

ಮಗಳು ವಿದ್ಯುತ್ತಿನ ಯಂತ್ರ ಕಳಿಸುತ್ತೇನೆ ಎಂದಳು. ನಾನು ಬೇಡ ಎಂದೆ. ಬೇಸಿಗೆಯಲ್ಲಿ ನಮ್ಮ ಕರೆಂಟಿನ ಗುಣ ನನಗೆ ಗೊತ್ತು. ಅದರೊಳಗಿನ ಪಂಪು ಕೆಟ್ಟರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೊತ್ತುಕೊಂಡು ಹೋಗಬೇಕು. ಹೀಗೆ ಹುಡುಕುತ್ತಾ ಕಣ್ಣಿಗೆ ಬಿದ್ದದ್ದು ಕೈಯಿಂದ ಹಿಡಿ ಒತ್ತುವ ಯಂತ್ರ. ಅದಕ್ಕೆ ಮೋಟಾರಿಲ್ಲ, ವೈರಿಲ್ಲ. ನೀರನ್ನು ನಾವೇ ಒಲೆಯ ಮೇಲೆ ಕಾಯಿಸಬೇಕು, ಕೊಳವೆಗೆ ಹುಯ್ಯಬೇಕು, ಹಿಡಿ ಒತ್ತಬೇಕು. ಕೆಡುವಂಥದ್ದೆಂದರೆ ಒಂದು ರಬ್ಬರ್ ಉಂಗುರ. ಕುಕ್ಕರಿನ ಗ್ಯಾಸ್ಕೆಟ್ ಬದಲಿಸಿದ ಕೈಗೆ ಅದೇನು ಮಹಾ?

ಈ ಹಿಡಿಗೂ ಒಂದು ಕತೆಯಿದೆ. ಎಸ್ಪ್ರೆಸೊ ಯಂತ್ರಗಳು ಮೊದಲು ಹಬೆಯ ಬಲದಿಂದಲೇ ನೀರು ನೂಕುತ್ತಿದ್ದವು. ಒತ್ತಡ ಸಾಲದು, ಕಾಫಿ ಕಹಿ. ಇಟಲಿಯ ಮಿಲಾನಿನ ಅಖಿಲೆ ಗಾಜಿಯಾ 1938ರಲ್ಲಿ ಒತ್ತುದಂಡದ ಉಪಾಯಕ್ಕೆ ಪೇಟೆಂಟ್ ಕೋರಿದರು. ಮಹಾಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಸ್ಪ್ರಿಂಗು ಕೂಡಿಸಿದ ಹಿಡಿಯ ಯಂತ್ರ ಹೋಟೆಲುಗಳಿಗೆ ಬಂತು. ಕಾಫಿಯ ಮೇಲೆ ಎಂದೂ ಕಾಣದ ನೊರೆ ಕಂಡು ಅಲ್ಲಿಯ ಗಿರಾಕಿಗಳು ಅನುಮಾನಪಟ್ಟರಂತೆ. ನೊರೆಯಿಲ್ಲದ ಕಾಫಿಯನ್ನೇ ಅನುಮಾನಿಸುವ ನಮ್ಮ ಮಲೆನಾಡಿನವರನ್ನು ಕೇಳಿದ್ದರೆ ಸಾಕಿತ್ತು!

ನಮ್ಮ ಕುಕ್ಕರು ಸೀಟಿ ಹೊಡೆಯುವಾಗ ಒಳಗಿನ ಹಬೆ ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್‌ನಷ್ಟು ಹೆಚ್ಚಾಗಿ ಒತ್ತುತ್ತದೆ. ಎಸ್ಪ್ರೆಸೊಗೆ ಬೇಕಾದದ್ದು ಒಂಬತ್ತರ ಆಸುಪಾಸು. ಅಷ್ಟನ್ನೂ ನಮ್ಮ ತೋಳು, ಆ ಹಿಡಿಯ ಉದ್ದ ಕೂಡಿ ಒದಗಿಸಬೇಕು. ಹೋಟೆಲಿಗೆಂದೇ ಮಾಡಿದ ಹಿಡಿಯಂತ್ರಗಳ ಬೆಲೆ ನಮ್ಮಂಥವರಿಗೆ ಎಟುಕದು. ನಾನು ಆರಿಸಿದ್ದು ಮನೆಗೆಂದು ಮಾಡಿದ ಪುಟ್ಟದ್ದು. ಹತ್ತು ಸಾವಿರಕ್ಕೆ ಸ್ವಲ್ಪ ಮೇಲೆ ಬಿತ್ತು.

ಆದರೆ ಕೊಳ್ಳುವವರು ಒಂದು ಮಾತು ನೆನಪಿಡಬೇಕು: ಯಂತ್ರದಷ್ಟೇ ಮುಖ್ಯ ಬೀಸುವ ಸಾಧನ. ಮೊದಲ ದಿನ ನಾನು ಬೀಜವನ್ನು ಮಿಕ್ಸಿಗೆ ಹಾಕಿದೆ. ಅರ್ಧ ಹಿಟ್ಟು, ಅರ್ಧ ರವೆ. ನೀರು ಸಂದು ಹುಡುಕಿಕೊಂಡು ಎಂಟೇ ಸೆಕೆಂಡಿನಲ್ಲಿ ಸುರಿದುಹೋಯಿತು, ಕುಡಿದರೆ ಹುಣಸೆನೀರು. ಮತ್ತೆ ಮೂರು ಸಾವಿರ ಕೊಟ್ಟು ಕೈಯಿಂದ ತಿರುವುವ ಬೀಸುಗ ತರಿಸಿದೆ. ಚಿಕೋರಿ ಬೆರೆಸದ ಬೀಜವನ್ನು ತಮ್ಮ ಊರಿಂದ ಕಳಿಸಿದ. ಕೊಳವೆಯನ್ನು ಮೊದಲೇ ಬಿಸಿನೀರಲ್ಲಿ ಕಾಯಿಸಿಡಬೇಕೆಂದು ತಿಳಿಯಲು ಒಂದು ವಾರ ಹಿಡಿಯಿತು. ಹದಿನೆಂಟು ಗ್ರಾಂ ಪುಡಿಗೆ ಮೂವತ್ತಾರು ಗ್ರಾಂ ಕಾಫಿ, ಇಪ್ಪತ್ತೈದರಿಂದ ಮೂವತ್ತು ಸೆಕೆಂಡಿನಲ್ಲಿ. ಇದು ಲೆಕ್ಕ.

ಲೆಕ್ಕ ಕೂಡಿತು, ತೋಳು ಕೂಡಲಿಲ್ಲ. ಬೋರ್ಡಿನ ಮೇಲೆ ಬರೆದೂ ಬರೆದೂ ನನ್ನ ಬಲಭುಜ ಹಿಡಿದುಕೊಂಡು ಎರಡು ವರ್ಷವಾಗಿತ್ತು. ಪುಡಿ ನುಣ್ಣಗಾದಂತೆ ಹಿಡಿ ಬಿಗಿಯಾಯಿತು. ಅದರ ಮೇಲೆ ಮೈಭಾರ ಬಿಟ್ಟು ಒತ್ತುತ್ತಿದ್ದರೆ, ಎಂಬತ್ತೇಳರ ಅತ್ತೆ ಪಡಸಾಲೆಯಿಂದಲೇ, ‘ಯವ್ವಾ, ಒಂದ್ ಗುಟುಕು ಕಷಾಯಕ್ಕ ಇಷ್ಟ್ ಕಸರತ್ತ ಏನ?’ ಎಂದರು. ನಗು ಬರಲಿಲ್ಲ. ಹದಿಮೂರು ಸಾವಿರ ದಂಡವಾಯಿತಲ್ಲಾ, ನನಗೆಂದು ಕೊಂಡ ಒಂದೇ ಒಂದು ವಸ್ತುವನ್ನು ಆರಿಸಲೂ ನನಗೆ ಬರಲಿಲ್ಲವಲ್ಲಾ ಎಂದು ಹೊಟ್ಟೆ ಉರಿಯಿತು. ಅದನ್ನು ಪೆಟ್ಟಿಗೆಗೆ ತುಂಬಿದೆ. ಅಟ್ಟದ ಮೇಲೆ ಫಿಲ್ಟರಿಗೆ ಜೊತೆಯಾಯಿತು ಎಂದುಕೊಂಡೆ.

ಮರುದಿನ ಬೆಳಗ್ಗೆ ಎದ್ದು ಬಂದರೆ ಯಂತ್ರ ಮತ್ತೆ ಕಟ್ಟೆಯ ಮೇಲಿದೆ. ಪಕ್ಕದಲ್ಲಿ ಇವರು. ಮೂವತ್ತೈದು ವರ್ಷದಲ್ಲಿ ನೀರು ಕುಡಿಯಲು ಬಿಟ್ಟರೆ ಅಡುಗೆಮನೆಗೆ ಬಂದವರಲ್ಲ. ‘ಪುಡಿ ನೀ ಹಾಕು, ಒತ್ತೂದು ನಾ ಒತ್ತತೀನಿ. ಬೋರಿಂಗ್ ಹೊಡದ ಕೈ ಇದು’ ಎಂದರು. ಒತ್ತಿದರು. ಒಂದೇ ಸಮನೆ, ಆತುರವಿಲ್ಲದೆ. ಕೆಳಗೆ ಇಲಿಬಾಲದಷ್ಟು ಸಣ್ಣ ಧಾರೆ, ಜೇನುಬಣ್ಣ.

ನನಗೆ ಕೊಪ್ಪದ ಮನೆಯ ಶಾವಿಗೆ ಒರಳು ನೆನಪಾಯಿತು. ಅಮ್ಮ ಬೆಂದ ಹಿಟ್ಟಿನುಂಡೆ ಇಡುವಳು, ಅಪ್ಪ ಉದ್ದನೆಯ ಹಿಡಿಯನ್ನು ಜಗ್ಗಿ ಒತ್ತುವರು. ಅಪ್ಪ ಅಡುಗೆಮನೆಯಲ್ಲಿ ಮಾಡುತ್ತಿದ್ದ ಕೆಲಸ ಅದೊಂದೇ. ಆ ದಿನಗಳಲ್ಲಿ ಅವರಿಬ್ಬರೂ ಎಷ್ಟು ಮಾತಾಡುತ್ತಿದ್ದರು!

ಈಗ ದಿನವೂ ಮಧ್ಯಾಹ್ನ ನಾಲ್ಕಕ್ಕೆ ಒಂದು ಒಲೆಯ ಮೇಲೆ ಚಹಾ, ಇನ್ನೊಂದರ ಮೇಲೆ ನನ್ನ ಕಾಫಿಗೆ ನೀರು. ಕಳೆದ ವಾರ ಅತ್ತೆ ಒಂದು ಗುಟುಕು ಬೇಡಿ ಕುಡಿದು, ಮುಖ ಹಿಂಡಿ, ‘ಬೇವಿನ ರಸ ಬಿಡವ್ವಾ, ಆದ್ರ ವಾಸನಿ ಚಲೋ ಐತಿ’ ಎಂದರು. ಇವರು ಹಿಡಿ ಒತ್ತುತ್ತಾರೆ, ಗಡಿಯಾರ ನೋಡಿ ಸೆಕೆಂಡು ಎಣಿಸುತ್ತಾರೆ, ನೊರೆ ಕಡಿಮೆಯಾದರೆ ನನ್ನ ಪುಡಿಯಲ್ಲೇ ತಪ್ಪು ಹುಡುಕುತ್ತಾರೆ. ಕುಡಿಯುವುದು ಮಾತ್ರ ಚಹಾನೇ.