ಎಲೆ ಹೇಳುವ ಮಳೆಯ ಲೆಕ್ಕ

ಬೇಲೂರು

ಪ್ರೀತಿಯ ತಂಗಿಗೆ ಆಶೀರ್ವಾದಗಳು,

ಇಲ್ಲಿನ ಗುಡಿಗಳ ಬಗ್ಗೆ ನೀನು ಸಾಕಷ್ಟು ಓದಿದ್ದೀಯ. ಅದಕ್ಕೇ ಈ ಕಾಗದದಲ್ಲಿ ಬೇರೆ ವಿಷಯ: ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಬರುವ ದಾರಿಯ ಎಲೆಗಳು. ಒಂದು ಸೀಮೆಯ ಮಳೆ ಬಿಸಿಲು ಎಷ್ಟೆಂಬುದನ್ನು ಅಲ್ಲಿ ತಾವಾಗಿಯೇ ಬೆಳೆದ ಮರಗಳ ಎಲೆ ನೋಡಿಯೇ ಹೇಳಬಹುದು ಎಂಬುದು ನನ್ನ ವಾದ.

ಅರಸೀಕೆರೆ ಬಯಲುಸೀಮೆ. ಅಲ್ಲಿ ಕಣ್ಣಿಗೆ ಬೀಳುವುದು ಜಾಲಿ, ಹುಣಸೆ, ಬೇವು. ಹುಣಸೆಯ ಒಂದು ಎಲೆಯನ್ನು ತೊಟ್ಟಿನ ಸಮೇತ ಕಿತ್ತು ನೋಡು: ನಡುವಿನ ಕಡ್ಡಿಯ ಎರಡೂ ಬದಿಗೆ ಹತ್ತಕ್ಕೂ ಹೆಚ್ಚು ಜೋಡಿ ಕಿರುಎಲೆಗಳು, ಒಂದೊಂದೂ ಬೆರಳಿನ ಉಗುರಿನಷ್ಟು. ಜಾಲಿಯದು ಇನ್ನೂ ಸಣ್ಣದು. ಅಗಲವಾದ ಎಲೆಯ ಮೈಗೆ ನಿಶ್ಚಲ ಗಾಳಿಯ ದಪ್ಪ ಪದರ ಅಂಟಿಕೊಂಡಿರುವುದರಿಂದ ಅದರ ಕಾವು ಬೇಗ ಇಳಿಯುವುದಿಲ್ಲ. ನೀರು ಆವಿಯಾಗಿಸಿ ತಂಪಾಗೋಣವೆಂದರೆ ನೆಲದಲ್ಲಿ ನೀರಿಲ್ಲ. ಸಣ್ಣ ಎಲೆಗೆ ಗಾಳಿ ತಾಗಿದರೆ ಸಾಕು, ಬಿಸಿ ಹೋಗುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಜಗತ್ತಿನ 7,670 ಜಾತಿಯ ಸಸ್ಯಗಳ ಎಲೆಯ ಗಾತ್ರವನ್ನು ಹೋಲಿಸಿದಾಗ, ಬಿಸಿಯೂ ಒಣಹವೆಯೂ ಕೂಡಿದ ಕಡೆ ಎಲೆ ಕಿರಿದಾಗುವುದು ಕಂಡುಬಂತು. ಹಗಲಿನ ಸೆಕೆಯಷ್ಟೇ ಅಲ್ಲ, ರಾತ್ರಿಯ ಚಳಿಯೂ ಎಲೆಯ ಗಾತ್ರಕ್ಕೆ ಮಿತಿ ಹಾಕುತ್ತದೆಂದು ಅವರು ತೋರಿಸಿದರು.

ಹಳೇಬೀಡಿನಿಂದ ಬೇಲೂರಿಗೆ ಬರೀ 16 ಕಿಲೋಮೀಟರ್. ಇಲ್ಲಿಂದ ಪಶ್ಚಿಮಕ್ಕೆ ಮಲೆನಾಡು ಶುರುವಾಗುತ್ತದೆ, ಎಲೆಯೂ ಹಿಗ್ಗುತ್ತದೆ. ಕಾಫಿ ನೆಟ್ಟ ಗಿಡವೇ ಆದರೂ ಮಾದರಿಗೆ ಅದನ್ನೇ ನೋಡು: ಎಲೆ ಇಡಿಯಾಗಿದೆ, ಮೇಲೆ ಹೊಳಪು, ಅಂಚು ಅಲೆಅಲೆ, ತುದಿ ಚೂಪಾಗಿ ನೀಳ. ಮಗುಚಿ ನೋಡಿದರೆ ನಡುನರಕ್ಕೆ ಪಕ್ಕದ ನರಗಳು ಸೇರುವಲ್ಲಿ ಪುಟ್ಟ ಕುಳಿಗಳೂ ಉಂಟು. ನೀಳ ತುದಿಯಿಂದ ಮಳೆನೀರು ಬೇಗ ಜಾರಿ ಎಲೆ ಒಣಗುತ್ತದೆ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ಮರದ ನೆರಳಲ್ಲಿ ಬೆಳೆಯುವ ಗಿಡಕ್ಕೆ ಸಿಕ್ಕಷ್ಟು ಬೆಳಕು ಹಿಡಿಯಲು ಅಗಲ ಬೇಕು, ಅಗಲವನ್ನು ತಾಳಲು ತೇವವೂ ಇದೆ.

ಅರಸೀಕೆರೆ ತುಂಬ ತೆಂಗಿನ ತೋಟ, ಅದರ ಗರಿ ಆಳುದ್ದಕ್ಕೂ ಮೀರಿದ್ದಲ್ಲವೇ ಎಂದು ನೀನು ಕೇಳಬಹುದು. ತೆಂಗಿಗೆ ನೀರು ಕೊಡುವವನು ರೈತ. ಅದೂ ಅಲ್ಲದೆ ಗರಿ ಸೀಳಿ ಸೀಳಿ ಪಟ್ಟಿಯಾಗಿದೆ. ನಾವು ಪೊರಕೆ ಕಟ್ಟುವುದು ಆ ಪಟ್ಟಿಗಳ ನಡುನರದಿಂದಲೇ. ಹೊಂಗೆಯ ಪ್ರಶ್ನೆ ಇನ್ನೂ ಗಟ್ಟಿ: ಬಯಲುಸೀಮೆಯ ಮರವಾದರೂ ಕಿರುಎಲೆ ಅಗಲ. ಆದರೆ ಅದರ ಬೇರು ಆಳಕ್ಕೆ ಇಳಿದಿದೆ. ಒಣಗಾಲದಲ್ಲಿ ಹಳೆಯ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಹೊಸದಾಗಿ ಚಿಗುರುತ್ತದೆ. ಇನ್ನು ಬೇಲೂರಿನ ಕಡೆಯ ಕಾಫಿ ತೋಟಗಳಲ್ಲಿ ಎಲೆ ಸೀಳಿದ ಸಿಲ್ವರ್ ಓಕ್ ಇದೆಯಲ್ಲ ಎಂದರೆ, ಅದು ನೆರಳಿಗೂ ಮೆಣಸಿನ ಬಳ್ಳಿಗೂ ನೆಟ್ಟ ಆಸ್ಟ್ರೇಲಿಯಾದ ಮರ. ವಂಶದ ಎಲೆಯನ್ನು ಹೊತ್ತು ತಂದಿದೆ. ಹಾಗಾಗಿ ಒಂದೇ ಮರ ನೋಡಿ ತೀರ್ಪು ಕೊಡಬಾರದು. ಆ ನೆಲದಲ್ಲಿ ತಾವಾಗಿಯೇ ಬೆಳೆದ ಮರಗಳನ್ನೆಲ್ಲ ಒಟ್ಟಿಗೆ ನೋಡಬೇಕು.

ಇಲ್ಲಿನ ಚೆನ್ನಕೇಶವ ಗುಡಿಯ ಮದನಿಕೆ ವಿಗ್ರಹಗಳ ತಲೆಯ ಮೇಲೆ ಎಲೆ ಬಳ್ಳಿಗಳ ಚಪ್ಪರ ಕೆತ್ತಿದ್ದಾರೆ. ಅಲ್ಲಿ ಎಲೆ ಶಿಲ್ಪಿಯ ಇಚ್ಛೆಯಂತೆ ಬಾಗಿದೆ, ಅದರ ಚೆಲುವಿಗೆ ಸಾಟಿಯಿಲ್ಲ. ಮರದ ಮೇಲಿನ ಎಲೆಯನ್ನು ತಿದ್ದಿರುವುದು ಮಳೆ ಮತ್ತು ಬಿಸಿಲು. ನಿಮ್ಮ ಬೀದಿಯಲ್ಲಿ ಸಸಿ ನೆಡುತ್ತಾರೆಂದು ನೀನು ಬರೆದಿದ್ದೆ. ನರ್ಸರಿಯವರು ಕೊಟ್ಟದ್ದನ್ನು ನೆಡುವ ಮೊದಲು, ನೀರು ಹಾಕುವವರಿಲ್ಲದೆ ಅಲ್ಲಿ ಬದುಕಿರುವ ಹಳೆಯ ಮರಗಳ ಎಲೆಯನ್ನೊಮ್ಮೆ ನೋಡಿ, ಅಂಥವನ್ನೇ ಆರಿಸಿಕೊಳ್ಳಿ.

ಇಂತಿ ನಿನ್ನ ಅಕ್ಕ