ಪದ್ಮಿನೀಪತಿ

2023ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಮುಂಬಯಿಯಿಂದ ಒಂದು ಸುದ್ದಿ ಬಂತು. ಆ ನಗರದ ಕಪ್ಪು-ಹಳದಿ ಟ್ಯಾಕ್ಸಿಗಳ ಪೈಕಿ ಕಟ್ಟಕಡೆಯ ಪ್ರೀಮಿಯರ್ ಪದ್ಮಿನಿಗೆ ಇಪ್ಪತ್ತು ವರ್ಷಗಳ ವಯೋಮಿತಿ ಮುಗಿದು, 30ನೆಯ ತಾರೀಖಿನಿಂದ ಅದು ಟ್ಯಾಕ್ಸಿಯಾಗಿ ರಸ್ತೆಗಿಳಿಯುವಂತಿಲ್ಲ ಎಂಬುದು ಸುದ್ದಿಯ ಸಾರಾಂಶ. ಶಿವಮೊಗ್ಗದ ಏಳೆಂಟು ಮನೆಗಳಲ್ಲಿ ಅಂದು ಬೆಳಿಗ್ಗೆ ಪತ್ರಿಕೆ ಓದಿದವರಿಗೆಲ್ಲ ಒಬ್ಬನದೇ ನೆನಪು. ‘ಅವನಿದ್ದಿದ್ದರೆ ಇವತ್ತು ಸೂತಕ ಆಚರಿಸ್ತಿದ್ದ’ ಎಂದು ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಹೇಳಿದರು. ಇನ್ನೊಬ್ಬರು ನಕ್ಕರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವನನ್ನು ಊರಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆಯುತ್ತಿದ್ದವರು ಕಡಿಮೆ. ಎಲ್ಲರಿಗೂ ಅವನು ಪದ್ಮಿನೀಪತಿ. 1991ರಲ್ಲಿ ಎಂಟು ವರ್ಷ ಹಳೆಯದಾದ, ತಿಳಿನೀಲಿ ಬಣ್ಣದ ಪ್ರೀಮಿಯರ್ ಪದ್ಮಿನಿ ಕಾರನ್ನು ಅವನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ಮದುವೆಯಾದದ್ದು ಅದರ ಮರುವರ್ಷ. ‘ನಾನು ಎರಡನೆಯವಳು’ ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದರು. ‘ಹಿರಿಯವಳಿಗೆ ಕೋಪ ಬಂದರೆ ತಳ್ಳಬೇಕು, ಕಿರಿಯವಳಿಗೆ ಕೋಪ ಬಂದರೆ ನನ್ನನ್ನೇ ತಳ್ಳುತ್ತಾಳೆ’ ಎಂಬುದು ಅವನ ಉತ್ತರ. ಕೆಲಸ ವಿಮಾ ಕಚೇರಿಯೊಂದರಲ್ಲಿ. ಅದರ ಬಗ್ಗೆಯೂ ಅವನದೊಂದು ಗಾದೆಯಿತ್ತು: ‘ಇದ್ದರೆ ಕಂತು, ಹೋದರೆ ಗಂಟು.’

ಫಿಯೆಟ್ 1100 ಎಂದು ಶುರುವಾಗಿ, ನಡುವೆ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಲ್ಲಿ ಚಿತ್ತೂರಿನ ರಾಣಿಯ ಹೆಸರು ಪಡೆದ ಕಾರು ಅದು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್. ಗೇರು ಕಾಲ ಬಳಿ ಅಲ್ಲ, ಸ್ಟಿಯರಿಂಗ್ ಕಂಬದ ಮೇಲೆ. ಆ ಕೈಗೇರಿನ ಮರ್ಜಿ ಹಿಡಿಯುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. 2002ರ ಹೊತ್ತಿಗೆ ಊರಿನ ರಸ್ತೆಗಳಲ್ಲಿ ಮಾರುತಿ, ಸ್ಯಾಂಟ್ರೊಗಳು ತುಂಬಿ, ಹಳೆಯ ಕಾರು ಇಟ್ಟುಕೊಂಡವರು ಮಕ್ಕಳ ಕಣ್ಣಿಗೆ ಪೆದ್ದರಂತೆ ಕಾಣತೊಡಗಿದಾಗ, ಅಂಥ ಏಳೆಂಟು ಪೆದ್ದರನ್ನು ಕಲೆಹಾಕಿ ಸಂಘವೊಂದನ್ನು ಕಟ್ಟಿದವನು ಪದ್ಮಿನೀಪತಿಯೇ. ಮೂರು ಅಂಬಾಸಿಡರ್, ಎರಡು ಪದ್ಮಿನಿ, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಒಂದು ಮಾರಿಸ್ ಮೈನರ್. ಸಂಘಕ್ಕೆ ಬೋರ್ಡಿರಲಿಲ್ಲ, ರಸೀತಿ ಪುಸ್ತಕವಿರಲಿಲ್ಲ. ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಆರಕ್ಕೆ ತುಂಗಾ ಸೇತುವೆಯ ಬಳಿ ಸೇರುವುದು, ಸಕ್ರೆಬೈಲು, ತೀರ್ಥಹಳ್ಳಿ, ಜೋಗ ಎಂದು ಎಲ್ಲಿಗಾದರೂ ಹೋಗಿ ಬರುವುದು. ಪ್ರವೇಶ ಶುಲ್ಕವೆಂದರೆ ದಾರಿಯಲ್ಲಿ ಕೆಟ್ಟು ನಿಂತವರ ಕಾರನ್ನು ತಳ್ಳುವುದು.

2003ರ ಏಪ್ರಿಲಿನ ಆಗುಂಬೆ ಪ್ರಯಾಣ ಇಂದಿಗೂ ಅವರ ನಡುವೆ ಪುರಾಣದಂತೆ ಉಳಿದಿದೆ. ಉಡುಪಿಯಿಂದ ಹಿಂತಿರುಗುವಾಗ ಮಟಮಟ ಮಧ್ಯಾಹ್ನ. ಸೋಮೇಶ್ವರ ದಾಟಿ ಘಾಟಿ ಏರತೊಡಗಿ, ಹದಿನಾಲ್ಕು ತಿರುವುಗಳಲ್ಲಿ ಒಂಬತ್ತನೆಯದರಲ್ಲಿ ಪದ್ಮಿನಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಬಾನೆಟ್ ತೆರೆದರೆ ಕಾದ ಕಬ್ಬಿಣದ ವಾಸನೆ. ಮೆಕ್ಯಾನಿಕ್ಕುಗಳು ಎ.ಸಿ. ಪಂಪ್ ಎನ್ನುವ ಪುಟ್ಟ ಸಾಧನ ಎಂಜಿನ್ನಿಗೆ ಅಂಟಿಕೊಂಡೇ ಇರುತ್ತದೆ. ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಕಾರ್ಬುರೇಟರಿಗೆ ಕೊಡುವುದು ಅದರ ಕೆಲಸ. ಎಂಜಿನ್ ವಿಪರೀತ ಕಾದಾಗ ಪೆಟ್ರೋಲು ಪಂಪಿನೊಳಗೇ ಆವಿಯಾಗುತ್ತದೆ. ದ್ರವವನ್ನು ತಳ್ಳಬಲ್ಲ ಪಂಪು ಆವಿಯನ್ನು ಹಿಸುಕುತ್ತದೆಯೇ ಹೊರತು ಮುಂದೆ ತಳ್ಳಲಾರದು. ಪಂಪು ತಣ್ಣಗಾದರೆ ಆವಿ ಮತ್ತೆ ದ್ರವವಾಗುತ್ತದೆ. ಅದಕ್ಕೆ ಒದ್ದೆ ಬಟ್ಟೆ ಸುತ್ತಿದರೆ ಸಾಕು. ನೀರೇನೋ ಇತ್ತು, ಬಟ್ಟೆ ಯಾರ ಬಳಿಯೂ ಇರಲಿಲ್ಲ. ಪದ್ಮಿನೀಪತಿ ಒಂದು ಕ್ಷಣವೂ ಯೋಚಿಸದೆ ಉಟ್ಟ ಪಂಚೆಯನ್ನೇ ಬಿಚ್ಚಿ, ನೀರಲ್ಲಿ ಅದ್ದಿ ಪಂಪಿಗೆ ಸುತ್ತಿ, ಪಟ್ಟೆಪಟ್ಟೆ ಚಡ್ಡಿಯಲ್ಲಿ ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತ. ಆ ಹೊತ್ತಿಗೇ ಮಿನಿ ಬಸ್ಸೊಂದು ಬರಬೇಕೆ! ಕಿಟಕಿಗಳಲ್ಲೆಲ್ಲ ಕಾಲೇಜು ಹುಡುಗರ ಮುಖ. ಇವನು ಎದ್ದು ನಿಂತು ಕೈಮುಗಿದು, ‘ದ್ರೌಪದಿಗೆ ಕೃಷ್ಣ ಸೀರೆ ಕೊಟ್ಟ, ಪದ್ಮಿನಿಗೆ ನಾನು ಪಂಚೆ ಕೊಟ್ಟೆ’ ಎಂದು ಕೂಗಿದ. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಕಾಲು ಗಂಟೆಯಲ್ಲಿ ಕಾರೂ ಹೊರಟಿತು.

ಅವನ ಇನ್ನೊಂದು ಪ್ರತಿಭೆ ಕಿವಿಯದು. ದೂರದಿಂದ ಬರುವ ಕಾರಿನ ಸದ್ದು ಕೇಳಿಯೇ ಟ್ಯಾಪೆಟ್ ಸಡಿಲವೋ, ಸೈಲೆನ್ಸರ್ ತೂತೋ, ಬೇರಿಂಗ್ ಹೋಯಿತೋ ಹೇಳಬಲ್ಲವನಾಗಿದ್ದ. ಸಂಘದ ಕಾರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಕೂಡ ಅನುಮಾನ ಬಂದರೆ ಅವನನ್ನೇ ಕರೆಸುತ್ತಿದ್ದ. ಹೊಸಬರಿಗೆ ಅವನು ಹೇಳುತ್ತಿದ್ದ ಪಾಠ ಒಂದೇ: ‘ಸದ್ದು ಸಣ್ಣದಿರುವಾಗ ಕೇಳಿಸಿಕೊಳ್ಳಬೇಕು ಮಾರಾಯ. ದೊಡ್ಡದಾದ ಮೇಲೆ ಕಿವುಡನಿಗೂ ಕೇಳ್ತದೆ.’

ಪದ್ಮಿನಿಯ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಹಿತ್ತಾಳೆಯದೊಂದು ಕವಳದ ಡಬ್ಬಿ ಸದಾ ಇರುತ್ತಿತ್ತು. ಎಲೆ, ಕೆಂಪಡಿಕೆ, ಸುಣ್ಣ, ಹೊಗೆಸೊಪ್ಪು. ಮಲೆನಾಡಿನಲ್ಲಿ ಕವಳ ಕೊಡದೆ ಮಾತು ಶುರುವಾಗುವುದಿಲ್ಲ. ಸಂಘದ ಅರ್ಧ ಜನ ಆ ಡಬ್ಬಿಯ ಋಣದಲ್ಲಿದ್ದರು. ಕ್ರಮೇಣ ಡಬ್ಬಿಯ ಪಕ್ಕಕ್ಕೆ ಗುಟ್ಕಾ ಪೊಟ್ಟಣಗಳು ಬಂದವು; ಕಾರು ಓಡಿಸುತ್ತ ಎಲೆಗೆ ಸುಣ್ಣ ಹಚ್ಚುವುದು ಕಷ್ಟ, ಪೊಟ್ಟಣ ಹಲ್ಲಿನಲ್ಲಿ ಹರಿದರಾಯಿತು. 2013ರ ಮೇ ಕೊನೆಯಲ್ಲಿ ರಾಜ್ಯ ಸರಕಾರ ಗುಟ್ಕಾ ನಿಷೇಧಿಸಿತು. ಅಂಗಡಿಗಳಲ್ಲಿ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ತೂಗಾಡತೊಡಗಿದವು. ‘ಸರಕಾರ ವಿಚ್ಛೇದನ ಕೊಡಿಸಿದೆ, ನಾನು ಬಾಯಲ್ಲಿ ಮರುಮದುವೆ ಮಾಡಿಸ್ತೇನೆ’ ಎಂದ ಪದ್ಮಿನೀಪತಿ. ಎಲ್ಲರೂ ನಕ್ಕರು. ಅವನ ಮಾತಿಗೆ ನಗದೆ ಇರುವುದು ಯಾರಿಗೂ ಆಗುತ್ತಿರಲಿಲ್ಲ. ಮುಂದೆ ಅವರನ್ನು ಬಹುವಾಗಿ ಬಾಧಿಸಿದ್ದು ಆ ನಗುವೇ.

ಉಡುಪಿಗೆ ಹೋದಾಗ ಒಂದು ಹೋಟೆಲಿನಲ್ಲಿ ಗೋಳಿಬಜೆ ತಿನ್ನುವುದು ಸಂಘದ ಸಂಪ್ರದಾಯ. ಒಮ್ಮೆಗೇ ಎರಡು ಗೋಳಿಬಜೆ ಬಾಯಿಗೆ ಹಾಕಿಕೊಂಡು, ಉಬ್ಬಿದ ಕೆನ್ನೆಯಲ್ಲೇ ಭಾಷಣ ಮಾಡುವುದು ಪದ್ಮಿನೀಪತಿಯ ವಿಶೇಷ ಕಾರ್ಯಕ್ರಮ. 2014ರಲ್ಲಿ ಅವನು ಒಂದು ಗೋಳಿಬಜೆಯನ್ನು ನಾಲ್ಕು ತುಂಡು ಮಾಡಿ, ಚಟ್ನಿ ಪಕ್ಕಕ್ಕೆ ಸರಿಸಿ ತಿಂದ. ‘ವಯಸ್ಸಾಯ್ತು, ಮರ್ಯಾದಸ್ಥನಾಗ್ತಿದ್ದೇನೆ’ ಎಂದ. ಅದಕ್ಕೂ ನಕ್ಕರು. ಮರುವರ್ಷ ಊಟಕ್ಕೆ ಕೂತರೆ ಸಾರಿನ ಬದಲು ಮೊಸರನ್ನ.

ನಗದೆ ನೋಡಿದವನು ಮೇಸ್ತ್ರಿ ಒಬ್ಬನೇ. ಅವನೂ ಗುಟ್ಕಾ ತಿಂದು, ಬಾಯಿ ಉರಿಯತೊಡಗಿದಾಗ ವೈದ್ಯರ ಬೈಗುಳ ತಿಂದು ಬಿಟ್ಟವನು. ಒಂದು ದಿನ ಗ್ಯಾರೇಜಿನಲ್ಲಿ, ‘ಸಾರ್, ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ನೋಡುವಾ’ ಎಂದ. ಎರಡು ಬೆರಳೂ ಸರಿಯಾಗಿ ಹೋಗಲಿಲ್ಲ. ‘ನನ್ನದು ಚಿಕ್ಕ ಬಾಯಿ, ದೊಡ್ಡ ಮಾತು ಮೇಸ್ತ್ರಿ’ ಎಂದ ಪದ್ಮಿನೀಪತಿ. ಮೇಸ್ತ್ರಿ ಬಿಡಲಿಲ್ಲ. ‘ಸಣ್ಣ ಸದ್ದಿರುವಾಗ ಕೇಳ್ಬೇಕು ಅಂತ ಹೇಳಿದ್ದು ನೀವೇ ಅಲ್ವಾ ಸಾರ್?’ ಅದಕ್ಕೆ ಮಾತ್ರ ಅವನ ಬಳಿ ಉತ್ತರವಿರಲಿಲ್ಲ. ಬಾನೆಟ್ ಮುಚ್ಚಿ ಹೊರಟುಹೋದ.

ಅಡಿಕೆಯಲ್ಲಿ ಅರೆಕೋಲಿನ್ ಎಂಬ ಸಸ್ಯಕ್ಷಾರವಿದೆ. ವರ್ಷಗಟ್ಟಲೆ ಜಗಿದಾಗ ಅದು ಕೆನ್ನೆಯ ಒಳಪೊರೆಯ ಕೆಳಗೆ ಕೊಲಾಜನ್ ನಾರು ಅತಿಯಾಗಿ ಬೆಳೆಯುವಂತೆ ಮಾಡುತ್ತದೆ. ಮೆತ್ತಗಿರಬೇಕಾದ ಒಳಕೆನ್ನೆ ತೊಗಲಿನ ಪಟ್ಟಿಯಂತೆ ಬಿರುಸಾಗಿ, ಖಾರ ತಾಗಿದರೆ ಉರಿದು, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಹೀಗಾದ ಬಾಯಿಗಳಲ್ಲಿ ಕೆಲವು ಮುಂದೆ ಕ್ಯಾನ್ಸರಿನತ್ತ ಹೊರಳುತ್ತವೆ; ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು. ತಂಬಾಕಿಲ್ಲದ ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ತೀರ್ಮಾನ. ಅಡಿಕೆಯ ಅನ್ನ ಉಣ್ಣುವ ಸೀಮೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳುವುದು ಸುಲಭವಲ್ಲ. ಸಂಘದಲ್ಲೇ ಒಬ್ಬರು ತೀರ್ಥಹಳ್ಳಿ ಕಡೆಯ ತೋಟದವರು. ಅವರ ಅಂಬಾಸಿಡರ್, ಮಕ್ಕಳ ಓದು, ಮಗಳ ಮದುವೆ ಎಲ್ಲವೂ ಅಡಿಕೆಯದೇ. ಪದ್ಮಿನೀಪತಿಯ ಡಬ್ಬಿಗೆ ವರ್ಷಕ್ಕೆರಡು ಸಲ ಆಯ್ದ ಅಡಿಕೆ ತಂದು ತುಂಬುತ್ತಿದ್ದವರೂ ಅವರೇ.

2016ರಲ್ಲಿ ಬಲಕೆನ್ನೆಯೊಳಗೆ ಹುಣ್ಣು ಕಾಣಿಸಿತು. ಬಾಯಿಹುಣ್ಣು ಎರಡು ಮೂರು ವಾರಗಳಲ್ಲಿ ಮಾಯದಿದ್ದರೆ ತೋರಿಸಲೇಬೇಕು ಎನ್ನುತ್ತಾರೆ ವೈದ್ಯರು. ಅವನು ಹುಳುಕು ಹಲ್ಲು ತಾಗಿದ್ದೆಂದು ಜೇನುತುಪ್ಪ ಹಚ್ಚಿಕೊಂಡು ನಾಲ್ಕು ತಿಂಗಳು ಕಳೆದ. ಕೊನೆಗೆ ಹೆಂಡತಿ ಕಾರಿನ ಕೀಲಿಕೈ ಬಚ್ಚಿಟ್ಟು, ‘ರೀ, ಆಸ್ಪತ್ರೆಗೆ ಹೋಗಿ ಬಂದ ಮೇಲೇ ಇದು’ ಎಂದಾಗ ಹೊರಟ. ಒಂದು ಚೂರು ಮಾಂಸ ತೆಗೆದು ಪರೀಕ್ಷಿಸಿದರು. ಉತ್ತರ ಬಂದಾಗ ಕತ್ತಿನ ಗಂಟುಗಳಿಗೂ ಅದು ಹಬ್ಬಿಯಾಗಿತ್ತು.

ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯ ಹೆಸರು ಕರ್ನಾಟಕದಲ್ಲಿ ಯಾವ ಕಾಯಿಲೆಯ ಹೆಸರನ್ನು ಹೇಳದೆಯೇ ಹೇಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಕೆನ್ನೆಯ ಒಂದು ಭಾಗ, ನಾಲಗೆಯ ಅಂಚು, ಕತ್ತಿನ ಗಂಟುಗಳು ಹೋದವು. ಆಮೇಲೆ ವಾರಕ್ಕೆ ಐದು ದಿನದಂತೆ ಆರು ವಾರ ವಿಕಿರಣ. ಗೆಳೆಯರು ಸರದಿಯ ಮೇಲೆ ಹೋಗಿ ಜೊತೆಗಿದ್ದರು. ಮಾತು ತೊದಲಿ ತೊದಲಿ ಯಾರಿಗೂ ತಿಳಿಯದಂತಾದಾಗ ಮೇಸ್ತ್ರಿ ಒಂದು ಶಾಲಾ ಸ್ಲೇಟು, ಒಂದು ಪೆಟ್ಟಿಗೆ ಬಳಪ ಮತ್ತು ಹಳೆಯ ಕಾಲದ ರಬ್ಬರ್ ಗುಂಡಿನ ಹಾರನ್ನೊಂದನ್ನು ತಂದುಕೊಟ್ಟ. ಯಾರನ್ನಾದರೂ ಕರೆಯಬೇಕೆಂದರೆ ‘ಪೊಂ ಪೊಂ’. ಹೇಳಬೇಕೆಂದರೆ ಸ್ಲೇಟು. ಸ್ಲೇಟು ಚಿಕ್ಕದು, ಆದ್ದರಿಂದ ನಗೆಹನಿಗಳೂ ಚಿಕ್ಕವಾದವು. ಮೂಗಿನ ಕೊಳವೆಯಲ್ಲಿ ಗಂಜಿ ಹಾಕುವಾಗ ಬರೆದ: ‘ನೇರ ಕಾರ್ಬುರೇಟರಿಗೆ.’ ವಿಕಿರಣ ಮುಗಿದ ದಿನ ಬರೆದ: ‘ಎಫ್.ಸಿ. ಸಿಕ್ಕಿತು.’ ಪಕ್ಕದ ಮಂಚಗಳ ರೋಗಿಗಳೂ ಓದಿ ನಗುತ್ತಿದ್ದರು. ತೋಟದ ಗೆಳೆಯರು ಹೋದ ದಿನ ಮಾತ್ರ ಅವನು ಏನೂ ಬರೆಯದೆ, ಅವರ ಕೈ ಹಿಡಿದುಕೊಂಡು ಅರ್ಧ ಗಂಟೆ ಕುಳಿತಿದ್ದನಂತೆ. ಅವರು ಅಳುತ್ತಿದ್ದರು. ಕೊನೆಗೆ ಸ್ಲೇಟು ಎತ್ತಿ ಬರೆದ: ‘ತಂದವ ನೀನು, ತಿಂದವ ನಾನು. ಲೆಕ್ಕ ಚುಕ್ತಾ.’

ಎಫ್.ಸಿ. ಹೆಚ್ಚು ಕಾಲ ಬಾಳಲಿಲ್ಲ. ಒಂದು ವರ್ಷ ಊರಿಗೆ ಬಂದು, ಎರಡು ಬಾರಿ ಪದ್ಮಿನಿಯನ್ನು ಸಕ್ರೆಬೈಲಿನವರೆಗೂ ಓಡಿಸಿದ. ಅಷ್ಟರಲ್ಲಿ ಕತ್ತಿನಲ್ಲಿ ಮತ್ತೆ ಗಂಟು ಎದ್ದಿತು. 2018ರ ಆಷಾಢದ ಮಳೆಯಲ್ಲಿ, ನಿವೃತ್ತಿಗೆ ಎಂಟು ತಿಂಗಳಿರುವಾಗ ತೀರಿಕೊಂಡ. ಗೆಳೆಯರ ಏಳು ಕಾರುಗಳೂ ಹಿಂದೆ ಹೋದವು. ಒಂದೂ ದಾರಿಯಲ್ಲಿ ಕೆಡಲಿಲ್ಲ. ‘ಇವತ್ತಾದರೂ ಒಂದು ಕೆಟ್ಟು ನಿಂತಿದ್ದರೆ ಅವನಿಗೆ ಸಮಾಧಾನ ಆಗ್ತಿತ್ತು’ ಎಂದರು ಹೆರಾಲ್ಡಿನವರು.

ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ತಾಂಬೂಲದ ತಟ್ಟೆ ಬಂತು. ವೀಳ್ಯದೆಲೆ ಇತ್ತು, ಬಾಳೆಹಣ್ಣು ಇತ್ತು, ದಕ್ಷಿಣೆ ಇತ್ತು; ಅಡಿಕೆ ಇರಲಿಲ್ಲ. ಮನೆಯ ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿ, ‘ಇದೇನು ತಂಗೀ, ಅಡಿಕೆ ಇಡುವುದನ್ನೇ ಮರೆತಿದ್ದಾರಲ್ಲ?’ ಎಂದರು. ಹೆಂಡತಿ ಬಾಗಿಲ ಬಳಿ ನಿಂತಿದ್ದವರು ಮೆಲ್ಲಗೆ ಹೇಳಿದರು: ‘ಮರೆತಿಲ್ಲ ಮಾವ. ನಮ್ಮೆಲ್ಲರ ಪಾಲಿನದನ್ನೂ ಇವರೊಬ್ಬರೇ ತಿಂದು ಮುಗಿಸಿದ್ದಾರೆ.’ ಆ ಮಾತು ಅವನೇ ಆಡಿದಂತಿತ್ತು. ಗೆಳೆಯರು ನಗಲೂ ಆರದೆ ಅಳಲೂ ಆರದೆ ತಲೆ ತಗ್ಗಿಸಿದರು.

ಸಂಘ ಈಗಲೂ ಎರಡನೆಯ ಭಾನುವಾರ ಸೇರುತ್ತದೆ. ಹೊರಡುವ ಮುನ್ನ ನೀರು, ಆಯಿಲ್, ಗಾಳಿ ನೋಡುವ ಪಟ್ಟಿಗೆ ಇನ್ನೊಂದು ಸೇರಿದೆ. ಎಲ್ಲರೂ ಸಾಲಾಗಿ ನಿಂತು ಮೂರು ಬೆರಳು ಬಾಯೊಳಗಿಡಬೇಕು. ಸೇತುವೆಯ ಮೇಲೆ ಹೋಗುವವರು ಇದೇನು ಹುಚ್ಚು ಎಂದು ತಿರುಗಿ ನೋಡುತ್ತಾರೆ. ಆ ಹುಚ್ಚು ಒಬ್ಬರನ್ನು ಹಿಡಿದುಕೊಟ್ಟಿತು, ತೋಟದ ಗೆಳೆಯರನ್ನೇ. ಅವರ ಬಾಯಿಗೆ ಎರಡೂವರೆ ಬೆರಳಷ್ಟೇ ಹೋಯಿತು. ಬಿಗಿದ ಕೆನ್ನೆ ಪೂರ್ತಿ ಮೊದಲಿನಂತಾಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಜಗಿಯುವುದನ್ನು ಅಂದೇ ಬಿಟ್ಟರು, ತಪ್ಪದೆ ತೋರಿಸಿಕೊಳ್ಳುತ್ತಾರೆ. ತೋಟ ಬಿಡಲಾಗಿಲ್ಲ. ಬಿಟ್ಟು ಏನು ಬೆಳೆಯಬೇಕು ಎಂಬ ಅವರ ಪ್ರಶ್ನೆಗೆ ಸಂಘದಲ್ಲಿ ಯಾರ ಬಳಿಯೂ ಉತ್ತರವಿಲ್ಲ. ಅಡಿಕೆಯ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ.

ಪುಣೆಯಲ್ಲಿರುವ ಮಗ ಪದ್ಮಿನಿಯನ್ನು ಮಾರೋಣ ಎಂದ. ತಾಯಿ ಒಪ್ಪಲಿಲ್ಲ. ಮೇಸ್ತ್ರಿ ಗುರುವಾರಕ್ಕೊಮ್ಮೆ ಬಂದು, ಚೋಕ್ ಎಳೆದು ಎಂಜಿನ್ ಶುರು ಮಾಡಿ, ಹತ್ತು ನಿಮಿಷ ಸದ್ದು ಕೇಳಿ ಹೋಗುತ್ತಾನೆ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಹಿತ್ತಾಳೆಯ ಡಬ್ಬಿಯ ಜಾಗದಲ್ಲಿ ಈಗ ಆ ಸ್ಲೇಟಿದೆ. ಕೊನೆಯ ವಾರ ಮೇಸ್ತ್ರಿಗೆಂದು ಬರೆದದ್ದನ್ನು ಯಾರೂ ಒರೆಸಿಲ್ಲ. ಬಳಪದ ಅಕ್ಷರ ಮಾಸಿದ್ದರೂ ಓದಬಹುದು: ‘ಸೋಮವಾರ ಆಯಿಲ್ ಬದಲಿಸು. ನನಗಲ್ಲ, ಅವಳಿಗೆ.’